ಅವರೆಲ್ಲ ನಕ್ಕ ಮೇಲೆ ನಾನು ನಕ್ಕೆ

ಈ ವಾರದ ಪತ್ರಗಳಲ್ಲಿ ಹೊಲದ ಪಾಲಿನ ಜಗಳಗಳಿದ್ದವು, ಮುರಿದ ನಿಶ್ಚಿತಾರ್ಥವೊಂದಿತ್ತು. ಅವನ್ನೆಲ್ಲ ಬದಿಗಿಟ್ಟು ಕಲಬುರಗಿಯಿಂದ ಬಂದ ಒಂದೂವರೆ ಪುಟದ ಪತ್ರವನ್ನು ಮೂರು ಸಲ ಓದಿದೆ. ಅದರ ಒಂದು ವಾಕ್ಯ ನನ್ನನ್ನು ರಾತ್ರಿಯೆಲ್ಲ ಬಿಡಲಿಲ್ಲ.

ಪತ್ರ ಬರೆದವರಿಗೆ 26 ವರ್ಷ. ಸೇಡಂ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ, ಬಿ.ಕಾಂ. ಮುಗಿಸಿ, ಈಗ ಕಲಬುರಗಿಯ ಖಾಸಗಿ ಕಚೇರಿಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತ ಪಿ.ಜಿ. ವಸತಿಯಲ್ಲಿದ್ದಾರೆ. ಹೋದ ತಿಂಗಳು ಕಚೇರಿಯ ಐವರು ಗೆಳೆಯರು ಕೂಡಿ ಭಾನುವಾರ ಸಂಜೆ ಮಲ್ಟಿಪ್ಲೆಕ್ಸಿಗೆ ಹೋದರು. ಗೂಢಚಾರರ ಚಿತ್ರಗಳನ್ನು ಗೇಲಿ ಮಾಡುವ ಇಂಗ್ಲಿಷ್ ಹಾಸ್ಯಚಿತ್ರ ಅದು. ಉಳಿದವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾಗ ಇವರಿಗೆ ಮಾತು ತಿಳಿಯಲಿಲ್ಲ. ಅವರ ಮುಖ ನೋಡಿ ನೋಡಿ ಒಂದು ಗಳಿಗೆ ತಡವಾಗಿ ನಕ್ಕರು. ಗೆಳೆಯನೊಬ್ಬ ಅದನ್ನು ಗಮನಿಸಿ, ಆ ತಡವಾದ ನಗುವನ್ನು ಅಣಕಿಸಿ ವಾಟ್ಸ್‌ಆ್ಯಪ್ ಗುಂಪಿಗೆ ವಾಯ್ಸ್ ಮೆಸೇಜ್ ಹಾಕಿದ. ಅಂದಿನಿಂದ ಇವರು ಗುಂಪಿನಲ್ಲಿ ಮಾತಾಡಿಲ್ಲ. ಗುಂಪು ಬಿಡಲೇ, ಇಂಗ್ಲಿಷ್ ಕ್ಲಾಸಿಗೆ ಸೇರಲೇ ಎಂಬುದು ಅವರ ಪ್ರಶ್ನೆ.

ತಂಗೀ, ನಿಮ್ಮ ಪ್ರಶ್ನೆಗೆ ಬರುವ ಮೊದಲು ನೀವು ಅವಸರದಲ್ಲಿ ದಾಟಿಹೋದ ಸಾಲಿಗೆ ಬರುತ್ತೇನೆ. ಪತ್ರದ ಕೊನೆಯಲ್ಲಿ, ಅವಮಾನದ ಪಟ್ಟಿಗೆ ಇನ್ನೊಂದನ್ನು ಸೇರಿಸುವಂತೆ, ನೀವು ಹೀಗೆ ಬರೆದಿದ್ದೀರಿ: ‘ಪಕ್ಕದಲ್ಲಿ ಕೂತಿದ್ದ ಔರಾದಿನ ಅಕ್ಕ ಕೂಡ ಪ್ರತಿ ಸಲ ನಾನು ನಕ್ಕ ಮೇಲೆ ನನ್ನ ಕಡೆ ನೋಡಿ ನಗುತ್ತಿದ್ದರು. ಅವರಿಗೂ ನಾನು ತಮಾಷೆಯಾದೆ.’ ಆ ಅಕ್ಕನ ಬಗ್ಗೆ ನೀವೇ ಇನ್ನೊಂದು ಕಡೆ ಹೇಳಿರುವಂತೆ, ಅವರು ನಲವತ್ತು ದಾಟಿದವರು, ಓದಿದ್ದು ಮರಾಠಿ ಶಾಲೆಯಲ್ಲಿ, ಕಚೇರಿಯಲ್ಲಿ ನಿಮ್ಮ ಜೊತೆ ಡಬ್ಬಿ ಹಂಚಿಕೊಂಡು ಉಣ್ಣುವವರು. ಒಬ್ಬ ಹೆಂಗಸು ಎರಡು ಗಂಟೆ ಕಾಲ, ಪರದೆಯನ್ನು ಬಿಟ್ಟು ಪಕ್ಕದವಳ ಮುಖವನ್ನು ನೋಡಿ, ಅವಳು ನಕ್ಕ ಮೇಲೆಯೇ ನಗುತ್ತಾಳೆ ಎಂದರೆ ಅದು ಗೇಲಿಯಲ್ಲ. ನೀವು ಉಳಿದವರ ಮುಖ ನೋಡಿ ಮಾಡುತ್ತಿದ್ದುದನ್ನೇ ಅವರು ನಿಮ್ಮ ಮುಖ ನೋಡಿ ಮಾಡುತ್ತಿದ್ದರು. ಆ ಸಾಲಿನಲ್ಲಿ ತಡವಾಗಿ ನಕ್ಕವರು ಇಬ್ಬರಿದ್ದರು, ಮತ್ತು ಅವರಲ್ಲಿ ಒಬ್ಬರು ನಿಮ್ಮನ್ನು ತಿಳಿದವಳೆಂದು ನಂಬಿಕೊಂಡಿದ್ದರು.

ಇನ್ನು ‘ನಾನು ದಡ್ಡಿ’ ಎಂಬ ನಿಮ್ಮ ಮಾತು. ಅದನ್ನು ನಾನು ಒಪ್ಪುವುದಿಲ್ಲ. ಖಳನಾಯಕನ ಮಡಿಲಲ್ಲಿ ಬೆಕ್ಕು ಕಂಡ ಕೂಡಲೇ, ಇನ್ನೂ ಏನೂ ನಡೆಯದಿದ್ದರೂ, ಎಲ್ಲರೂ ಗೊಳ್ಳೆಂದು ನಕ್ಕದ್ದು ಯಾಕೆಂದು ತಿಳಿಯಲಿಲ್ಲ ಎಂದಿದ್ದೀರಿ. ಅದಕ್ಕೂ ಇಂಗ್ಲಿಷಿಗೂ ಸಂಬಂಧವಿಲ್ಲ. ಅಣಕವೆನ್ನುವುದು ಮೂಲವನ್ನು ಕಂಡವರಿಗೆ ಮಾತ್ರ ದಕ್ಕುವ ನಗು. ಜೇಮ್ಸ್ ಬಾಂಡ್‌ನ ಮೊದಲ ಚಿತ್ರ ತೆರೆಗೆ ಬಂದದ್ದು 1962ರಲ್ಲಿ. ಮರುವರ್ಷದ ಚಿತ್ರದಲ್ಲಿ, ಮುಖವನ್ನೇ ತೋರಿಸದೆ ಬಿಳಿ ಬೆಕ್ಕನ್ನು ಸವರುತ್ತ ಅಪ್ಪಣೆ ಕೊಡುವ ಖಳನೊಬ್ಬ ಬಂದ. ಆ ಬೆಕ್ಕು ಜನರ ಮನಸ್ಸಿನಲ್ಲಿ ಎಷ್ಟು ಗಟ್ಟಿಯಾಗಿ ಕೂತಿತೆಂದರೆ, 1997ರಲ್ಲಿ ಬಂದ ‘ಆಸ್ಟಿನ್ ಪವರ್ಸ್’ ಎಂಬ ಅಣಕಚಿತ್ರ ಆ ಬೆಕ್ಕಿನ ಮೈಕೂದಲನ್ನೆಲ್ಲ ಉದುರಿಸಿ ಬೋಳು ಮಾಡಿಯೇ ಜನರನ್ನು ನಗಿಸಿತು. ಹಳೆಯ ಬೆಕ್ಕನ್ನು ಕಾಣದವರಿಗೆ ಹೊಸ ಬೆಕ್ಕು ಬರೀ ಬೆಕ್ಕು. ನಮ್ಮಲ್ಲಿ 1968ರ ‘ಜೇಡರ ಬಲೆ’ಯಲ್ಲಿ ದೊರೈ-ಭಗವಾನ್ ಜೋಡಿ ರಾಜ್‌ಕುಮಾರ್ ಅವರನ್ನು ಸಿ.ಐ.ಡಿ. 999 ಮಾಡಿತು, ಮತ್ತು ಆ ಪಾತ್ರ 1978ರ ‘ಆಪರೇಷನ್ ಡೈಮಂಡ್ ರಾಕೆಟ್’ವರೆಗೂ ನಡೆಯಿತು. ನಾಳೆ ಯಾರಾದರೂ ಆ 999ನ ಕೋಟು, ನಡಿಗೆ, ಹಾಡುಗಳನ್ನು ಅಣಕಿಸಿ ಚಿತ್ರ ಮಾಡಿದರೆ, ಅವನ್ನೆಲ್ಲ ಕಂಡುಂಡ ನಿಮ್ಮ ಊರಿನ ಹಿರಿಯರು ಎಲ್ಲರಿಗಿಂತ ಮೊದಲು ನಗುತ್ತಾರೆ. ನಿಮ್ಮ ಇಂಗ್ಲಿಷ್ ಬಲ್ಲ ಗೆಳೆಯರು ಆಗ ಅವರ ಮುಖ ನೋಡಬೇಕಾಗುತ್ತದೆ.

ಗೂಢಚಾರನ ಟೈ ಲಿಫ್ಟಿನ ಬಾಗಿಲಲ್ಲಿ ಸಿಕ್ಕಿಕೊಂಡು ಅವನು ಮೇಲಕ್ಕೆ ಜಗ್ಗಿಹೋದಾಗ ಮಾತ್ರ ನೀವು ಎಲ್ಲರಿಗಿಂತ ಮೊದಲು, ಜೋರಾಗಿ ನಕ್ಕಿರೆಂದೂ ಬರೆದಿದ್ದೀರಿ. ಅಲ್ಲಿ ಹಳೆಯ ನೆನಪೂ ಬೇಕಿರಲಿಲ್ಲ, ಭಾಷೆಯೂ ಬೇಕಿರಲಿಲ್ಲ. ನಿಮ್ಮ ನಗುವಿನಲ್ಲಿ ದೋಷವೇನೂ ಇಲ್ಲವೆನ್ನಲು ನನಗೆ ಅಷ್ಟು ಸಾಕು.

ನನಗೆ ನಿಜವಾಗಿ ಸಿಟ್ಟು ಬಂದಿರುವುದು ಅಣಕಿಸಿದ ಹುಡುಗನ ಮೇಲಲ್ಲ. ಅವನು ಮಾಡಿದ್ದು ತಪ್ಪೇ, ಆದರೆ ಅಣಕದ ಚಿತ್ರ ನೋಡಿ ಬಂದ ಹುರುಪಿನಲ್ಲಿ ಕೈಗೆ ಸಿಕ್ಕಿದ್ದನ್ನು ಅಣಕಿಸಿದ್ದಾನೆ, ಮರುದಿನ ಮರೆತೂ ಇದ್ದಾನೆ. ನನ್ನ ಸಿಟ್ಟು ಟಿಕೆಟ್ ಬುಕ್ ಮಾಡಿದವನ ಮೇಲೆ. ಅದೇ ಚಿತ್ರದ ಹಿಂದಿ ಡಬ್ಬಿಂಗ್ ಮಧ್ಯಾಹ್ನದ ಆಟಕ್ಕೆ ಇತ್ತು, ‘ಒರಿಜಿನಲ್‌ನಲ್ಲೇ ಮಜಾ’ ಎಂದು ಅವನು ಸಂಜೆಯದನ್ನು ಹಿಡಿದ ಎಂದು ನೀವೇ ಬರೆದಿದ್ದೀರಿ. ಪೇಟೆಯಲ್ಲಿ ಒಂದು ಕಿಲೋ ಬದನೆಕಾಯಿ ಕೊಳ್ಳುವಷ್ಟರಲ್ಲಿ ಕನ್ನಡ, ದಖನಿ, ಹಿಂದಿ ಮೂರೂ ನಾಲಿಗೆಯ ಮೇಲೆ ಬಂದುಹೋಗುವ ಊರು ಕಲಬುರಗಿ. ಅಲ್ಲಿ ನಾಲ್ವರನ್ನು ಕರೆದೊಯ್ಯುವವನು ‘ಯಾವ ಭಾಷೆಯದು ನೋಡೋಣ’ ಎಂದು ಒಂದು ಮಾತು ಕೇಳಲಿಲ್ಲವೆಂದರೆ ಅವನು ಕರೆದೊಯ್ದದ್ದು ಗೆಳೆಯರನ್ನಲ್ಲ, ತನ್ನ ಮಜಕ್ಕೆ ನಾಲ್ಕು ಜನ ಜೊತೆಗಾರರನ್ನು. ಈ ಅಂಕಣದಲ್ಲಿ ನಾನು ಹಿಂದೆಯೂ ಹೇಳಿದ್ದೇನೆ: ಊಟಕ್ಕೆ ಕರೆದವರು ಎಲೆಯ ಮುಂದೆ ಕೂತವರಿಗೆ ಏನು ಸೇರುತ್ತದೆಂದು ಕೇಳಬೇಕು, ಸಿನಿಮಾಕ್ಕೆ ಕರೆದವರು ಯಾವ ಭಾಷೆ ಸೇರುತ್ತದೆಂದು ಕೇಳಬೇಕು.

ಯಾದಗಿರಿ ಇನ್ನೂ ಜಿಲ್ಲೆಯಾಗಿರದ ದಿನಗಳು ನೆನಪಾಗುತ್ತವೆ. 2009ಕ್ಕೆ ಬಹಳ ಹಿಂದಿನ ಮಾತು. ಅಲ್ಲಿನ ಟಾಕೀಸಿನಲ್ಲಿ ತೆಲುಗು ಚಿತ್ರ ಬಂದರೆ ನನ್ನ ಅಜ್ಜಿ ನನ್ನನ್ನು ತೊಡೆಯ ಮೇಲೆ ಕೂಡಿಸಿಕೊಂಡು ನೋಡುತ್ತಿದ್ದಳು. ಅವಳಿಗೆ ತೆಲುಗು ಅರ್ಧ ಬರುತ್ತಿತ್ತು, ಅರ್ಧ ಬರುತ್ತಿರಲಿಲ್ಲ. ಬಾರದಿದ್ದ ಕಡೆ, ಸೆರಗಿನ ತುದಿಯಿಂದ ಬಾಯಿ ಒರೆಸಿಕೊಂಡು, ಕತ್ತಲೆಗೆ ಕತ್ತಲೆಯೇ ಕೇಳುವಂತೆ ‘ಏನಂದಳಬೇ ಆಕಿ?’ ಎಂದು ಕೂಗುತ್ತಿದ್ದಳು. ಹಿಂದಿನ ಸಾಲಿನಿಂದ ಯಾರೋ ಒಬ್ಬ ಗುರುತಿಲ್ಲದ ಗಂಡಸು ‘ಗಂಡ ಬಂದಾನ, ಬಾಗಿಲಾ ತಗೀಬ್ಯಾಡ ಅಂದಳಬೇ ಯವ್ವಾ’ ಎಂದು ಹೇಳಿಬಿಡುತ್ತಿದ್ದ. ಆಗ ಅಜ್ಜಿ ನಗುತ್ತಿದ್ದಳು, ಎಲ್ಲರ ನಗು ಮುಗಿದ ಮೇಲೆ, ಒಬ್ಬಳೇ. ಅವಳ ನಗು ಕೇಳಿ ಟಾಕೀಸು ಎರಡನೆಯ ಸಲ ನಗುತ್ತಿತ್ತು. ತಡವಾಗಿ ನಕ್ಕೆನೆಂಬ ನಾಚಿಕೆ ಅವಳನ್ನು ಒಂದು ದಿನವೂ ಮುಟ್ಟಲಿಲ್ಲ, ಏಕೆಂದರೆ ಅವಳು ತಿಳಿಯಲಿಲ್ಲವೆಂಬುದನ್ನು ಮುಚ್ಚಿಡುತ್ತಿರಲಿಲ್ಲ. ನಿಮಗೆ ನೋವಾಗಿರುವುದು ನಗು ತಡವಾದದ್ದಕ್ಕಲ್ಲ, ಮುಚ್ಚಿಟ್ಟದ್ದು ಬಯಲಾದದ್ದಕ್ಕೆ.

ಇಂಗ್ಲಿಷ್ ಕಲಿಯುವುದಾದರೆ ನಿಮ್ಮ ನೌಕರಿಗಾಗಿ ಕಲಿಯಿರಿ, ಅದಕ್ಕೆ ನನ್ನ ಪೂರ್ಣ ಒಪ್ಪಿಗೆಯಿದೆ. ಒಂದು ವಾಯ್ಸ್ ಮೆಸೇಜಿಗೆ ಉತ್ತರವಾಗಿ ಕಲಿಯಬೇಡಿ. ಗುಂಪನ್ನು ಬಿಡುವ, ಉಳಿಯುವ ಯೋಚನೆಯನ್ನೂ ಸದ್ಯಕ್ಕೆ ಕೈಬಿಡಿ.

ನಿಮಗೆ ಒಂದೇ ಕೆಲಸ ಹೇಳುತ್ತೇನೆ, ಅದನ್ನು ಸೋಮವಾರವೇ ಮಾಡಬೇಕು. ಮಧ್ಯಾಹ್ನ ಡಬ್ಬಿ ಬಿಚ್ಚಿ, ಜೋಳದ ರೊಟ್ಟಿಯ ಮೇಲೆ ಶೇಂಗಾ ಹಿಂಡಿ ಹಾಕಿ ಔರಾದಿನ ಅಕ್ಕನ ಕಡೆ ಸರಿಸುವಾಗ, ಬೇರೆ ಪೀಠಿಕೆ ಹಾಕದೆ ಕೇಳಿ: ‘ಅಕ್ಕಾ, ಅವತ್ತಿನ ಪಿಚ್ಚರ್ ನನಗ ಅರ್ಧಾನೂ ತಿಳೀಲಿಲ್ಲ. ನಿಮಗೆಷ್ಟು ತಿಳೀತ್ರೀ?’ ಮೊದಲು ನಿಮ್ಮದನ್ನು ಹೇಳಿ, ಆಮೇಲೆ ಅವರದನ್ನು ಕೇಳಬೇಕು. ಈ ಕ್ರಮ ತಪ್ಪಬಾರದು. ಅಷ್ಟು ವಯಸ್ಸಿನವರು ಕಿರಿಯರ ಮುಂದೆ ತಾವಾಗಿ ಬಾಯಿ ಬಿಡುವುದು ಕಷ್ಟ.

ನನ್ನ ಊಹೆ ತಪ್ಪಾಗಿ, ಅವರು ‘ನನಗೆಲ್ಲಾ ತಿಳೀತವ್ವಾ’ ಎಂದರೂ ಚಿಂತೆಯಿಲ್ಲ. ಬೆಕ್ಕಿನ ಸಂಗತಿಯನ್ನು ನಾನು ಹೇಳಿದ್ದೇನೆ. ಉಳಿದವುಗಳಲ್ಲಿ ನೀವು ಯಾವುದಕ್ಕೆ ತಡವಾಗಿ ನಕ್ಕಿರೋ ಅದನ್ನು ಅವರಿಂದಲೇ ಹೇಳಿಸಿಕೊಳ್ಳಿ, ಊಟ ಮುಗಿಯುವವರೆಗೆ ಸಮಯವಿರುತ್ತದೆ.