ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ಹತ್ತಿರದ ಡಕ್ ಕ್ಲಬ್‌ನಲ್ಲಿ ಪಾಲು ತೆಗೆದುಕೊಳ್ಳಬಹುದಾ? ಒಳಗೆ ಏನು ನಡೆಯುತ್ತದೆ?

ನಿಮ್ಮ ಪ್ರಶ್ನೆ ಇಷ್ಟು: ಬಾತು ಬೇಟೆಯ ಕ್ಲಬ್‌ನಲ್ಲಿ ಒಂದು ಪಾಲು ಖಾಲಿ ಇದೆ, ಸೇರಿಕೊಳ್ಳಿ ಎಂದು ಆಫೀಸಿನ ಗೆಳೆಯರು ಕರೆಯುತ್ತಿದ್ದಾರೆ. ವರ್ಷಕ್ಕೆ ಸಾವಿರಾರು ಡಾಲರ್. ಬೇಟೆ ಮಾತ್ರ ಮೂರೇ ತಿಂಗಳು. ಹಾಗಾದರೆ ಅಷ್ಟು ದುಡ್ಡು ಯಾವುದಕ್ಕೆ?

ನಾನು ಸ್ಯಾಕ್ರಮೆಂಟೊ ಕಣಿವೆಯ ಇಂಥದ್ದೇ ಒಂದು ಸಣ್ಣ ಕ್ಲಬ್‌ನಲ್ಲಿ ಎಂಟು ವರ್ಷದಿಂದ ಇದ್ದೇನೆ. ದುಡ್ಡು ಹೋಗುವುದು ನೀರಿಗೆ ಮತ್ತು ಹುಲ್ಲಿಗೆ. ಬಂದೂಕಿನ ಪಾತ್ರ ಅದರಲ್ಲಿ ಬಹಳ ಸಣ್ಣದು.

ನಮ್ಮ ಕಡೆಯ ಕೆರೆ ನೆನಪು ಮಾಡಿಕೊಳ್ಳಿ. ಏರಿ, ತೂಬು, ಕಾಲುವೆ, ತೂಬು ಎತ್ತಿ ಇಳಿಸಲು ಒಬ್ಬ ನೀರುಗಂಟಿ. ಕ್ಲಬ್ ಜಮೀನೂ ಹೆಚ್ಚು ಕಡಿಮೆ ಹಾಗೆಯೇ. ಸಣ್ಣ ಏರಿಗಳಿಂದ ಭಾಗ ಮಾಡಿದ ಕೊಳಗಳು, ಪ್ರತಿಯೊಂದಕ್ಕೂ ಹಲಗೆ ಹಾಕಿ ತೆಗೆಯುವ ತೂಬು. ಅದನ್ನೆಲ್ಲ ನೋಡಿಕೊಳ್ಳಲು ಸಂಬಳದ ಮೇಲೆ ಒಬ್ಬ ಕೇರ್‌ಟೇಕರ್. ನನ್ನ ಮಟ್ಟಿಗೆ ಕ್ಲಬ್‌ನ ನಿಜವಾದ ಯಜಮಾನ ಆತನೇ. ನೀರು ಒಂದು ಗೇಣು ನಿಲ್ಲಬೇಕು. ಇಲ್ಲಿಗೆ ಬರುವ ಬಾತುಗಳಲ್ಲಿ ಹೆಚ್ಚಿನವು ಮುಳುಗಿ ಮೇಯುವುದಿಲ್ಲ. ತಲೆ ಕೆಳಗೆ ಮಾಡಿ, ಬಾಲ ಮೇಲೆತ್ತಿ, ಕುತ್ತಿಗೆಗೆ ಎಟುಕಿದಷ್ಟು ತಿನ್ನುತ್ತವೆ. ನೀರು ಜಾಸ್ತಿಯಾದರೆ ತಳದ ಕಾಳು ಅವಕ್ಕೆ ಸಿಗುವುದಿಲ್ಲ.

ಈ ಕಾಳು ತಾನಾಗಿ ಬರುವುದಿಲ್ಲ. ಬೇಟೆ ಮುಗಿದ ಮೇಲೆ ವಸಂತದಲ್ಲಿ ಕೊಳಗಳ ನೀರು ನಿಧಾನವಾಗಿ ಬಿಡುತ್ತೇವೆ. ಹಸಿ ಮಣ್ಣಿನಲ್ಲಿ ವಾಟರ್‌ಗ್ರಾಸ್ ಎನ್ನುವ ಹುಲ್ಲು ಮೊಳೆಯುತ್ತದೆ. ನಮ್ಮಲ್ಲಿ ಭತ್ತದ ಗದ್ದೆಯಲ್ಲಿ ಕಳೆ ಎಂದು ಕಿತ್ತು ಬಿಸಾಡುತ್ತೇವಲ್ಲ, ಅದೇ ಜಾತಿ. ಇಲ್ಲಿ ಅದನ್ನೇ ಬೇಸಿಗೆಯಲ್ಲಿ ನೀರು ಕಟ್ಟಿ ಬೆಳೆಸುತ್ತೇವೆ. ಆಮೇಲೆ ಜೊಂಡು ಸವರುವುದು, ಏರಿ ಸರಿ ಮಾಡುವುದು, ಪಂಪ್ ರಿಪೇರಿ. ಶರತ್ಕಾಲದಲ್ಲಿ ಮತ್ತೆ ನೀರು ತುಂಬಿಸುವುದು. ಸೆಕೆ ಇರುವಾಗಲೇ ತುಂಬಿಸಿದರೆ ಸೊಳ್ಳೆ ಕಾಟ. ನೀರು ಬೆಚ್ಚಗಿದ್ದರೆ ಬಾಟುಲಿಸಂ ಎಂಬ ರೋಗ ಬಂದು ಬಾತುಗಳು ಗುಂಪುಗುಂಪಾಗಿ ಸಾಯುವ ಅಪಾಯವೂ ಇದೆ. ವರ್ಷಕ್ಕೆ ಕೆಲವು ದಿನ ಸದಸ್ಯರೆಲ್ಲ ಬಂದು ಕೈಯಾರೆ ದುಡಿಯಬೇಕು. ನಮ್ಮಲ್ಲಿ ತಪ್ಪಿಸಿದವರಿಗೆ ದಂಡ ಇದೆ. ಇದು ನನಗೆ ತುಂಬ ಇಷ್ಟವಾದ ನಿಯಮ.

ಪಾಲಿನಲ್ಲಿ ಎರಡು ಬಗೆ. ಒಂದರಲ್ಲಿ ಜಮೀನಿನ ಒಡೆತನದಲ್ಲೇ ನಿಮಗೆ ಪಾಲು, ಅದರ ಮೇಲೆ ವಾರ್ಷಿಕ ಚಂದಾ. ಇನ್ನೊಂದು ಗುತ್ತಿಗೆ, ಹೆಚ್ಚಾಗಿ ಭತ್ತದ ಗದ್ದೆಗಳಲ್ಲಿ. ಕ್ಯಾಲಿಫೋರ್ನಿಯಾದಲ್ಲಿ 1991ರ ಕಾನೂನು ಬಂದ ಮೇಲೆ ಭತ್ತದ ಕೂಳೆ ಸುಡುವುದು ಕಡಿಮೆಯಾಯಿತು. ರೈತರು ಚಳಿಗಾಲದಲ್ಲಿ ಗದ್ದೆಗೆ ನೀರು ನಿಲ್ಲಿಸಿ ಹುಲ್ಲು ಕೊಳೆಸುತ್ತಾರೆ. ಉದುರಿದ ಭತ್ತ ತಿನ್ನಲು ಬಾತುಗಳು ಬರುತ್ತವೆ. ನಾನು ಮೊದಲು ಸೇರಿದ್ದು ಇಂಥ ಗುತ್ತಿಗೆ ಕ್ಲಬ್‌ಗೆ. ಮೂರನೇ ವರ್ಷ ಜಮೀನಿನವರು ಬಾದಾಮಿ ತೋಟ ಮಾಡಲು ಹೊರಟರು. ಒಂದು ಪತ್ರ ಬಂತು, ಅಷ್ಟೇ, ಕ್ಲಬ್ ಮುಗಿಯಿತು. ಹಾಗಾಗಿ ಗುತ್ತಿಗೆ ಎಷ್ಟು ವರ್ಷಕ್ಕೆ ಎಂದು ಮೊದಲೇ ಕೇಳಿ. ಬರಗಾಲದಲ್ಲಿ ನೀರು ಎಲ್ಲಿಂದ ಎಂದೂ ಕೇಳಿ. 2022ರ ಬರದಲ್ಲಿ ಈ ಕಣಿವೆಯ ಸುಮಾರು ಅರ್ಧದಷ್ಟು ಭತ್ತದ ಗದ್ದೆ ಬಿತ್ತನೆಯೇ ಕಾಣಲಿಲ್ಲ.

ಇನ್ನು ಬೇಟೆಯ ದಿನ. ಅಕ್ಟೋಬರ್ ಕೊನೆಯಿಂದ ಜನವರಿ ಕೊನೆಯವರೆಗೆ ಸೀಸನ್. ನಮ್ಮ ಕ್ಲಬ್‌ನಲ್ಲಿ ಬುಧವಾರ, ಶನಿವಾರ, ಭಾನುವಾರ ಮಾತ್ರ. ಉಳಿದ ದಿನ ಹಕ್ಕಿಗೆ ವಿಶ್ರಾಂತಿ. ಒಂದು ಕೊಳದಲ್ಲಂತೂ ಇಡೀ ವರ್ಷ ಯಾರೂ ಗುಂಡು ಹಾರಿಸುವಂತಿಲ್ಲ. ಬೆಳಗಿನ ಜಾವ ನಾಲ್ಕಕ್ಕೆ ಕಾಫಿ ಕುಡಿಯುತ್ತಾ ಚೀಟಿ ಎತ್ತುತ್ತೇವೆ. ಯಾವ ನಂಬರ್ ಬಂತೋ ಆ ಬ್ಲೈಂಡ್ ನಿಮ್ಮದು. ಬ್ಲೈಂಡ್ ಎಂದರೆ ಏರಿಯಲ್ಲಿ ಹೂತ ತೊಟ್ಟಿ, ಸುತ್ತ ಹುಲ್ಲಿನ ಮರೆ. ಒಳಗೆ ಇಬ್ಬರು ಮತ್ತು ಒಂದು ನಾಯಿ ಕೂರಬಹುದು. ಹತ್ತು ವರ್ಷದಿಂದ ಇರುವ ಸದಸ್ಯನಿಗೂ ನಿನ್ನೆ ಬಂದವನಿಗೂ ಚೀಟಿ ಒಂದೇ.

ಸರ್ಕಾರದ ನಿಯಮ ಕಟ್ಟುನಿಟ್ಟು. ಹಂಟರ್ ಎಜುಕೇಶನ್ ಸರ್ಟಿಫಿಕೇಟ್, ಲೈಸೆನ್ಸ್, 25 ಡಾಲರಿನ ಫೆಡರಲ್ ಡಕ್ ಸ್ಟಾಂಪ್ (ಬಾತು ಬೇಟೆಗಾರರು ಕೊಳ್ಳಲೇಬೇಕಾದ ಕೇಂದ್ರ ಸರ್ಕಾರದ ಚೀಟಿ) ಬೇಕು. ಬಂದೂಕಿನಲ್ಲಿ ಒಮ್ಮೆಗೆ ಮೂರಕ್ಕಿಂತ ಜಾಸ್ತಿ ತೋಟಾ ಹಿಡಿಯಬಾರದು. ಸೀಸದ ಗುಂಡು ನಿಷೇಧ. ದಿನಕ್ಕೆ ಒಬ್ಬರಿಗೆ ಏಳು ಬಾತು, ಅದರಲ್ಲೂ ಕೆಲವು ಜಾತಿಗೆ ಇನ್ನೂ ಕಡಿಮೆ. ಮಲ್ಲಾರ್ಡ್ ಹೆಣ್ಣು ಎರಡಕ್ಕಿಂತ ಹೆಚ್ಚು ಹೊಡೆಯುವಂತಿಲ್ಲ. ಕಾಳು ಎರಚಿ ಹಕ್ಕಿ ಕರೆಯುವುದು, ಹೊಡೆದದ್ದನ್ನು ಮಾರುವುದು, ಎರಡೂ ಅಪರಾಧ. ನೀವು ಎಚ್-1ಬಿಯಂಥ ವೀಸಾದಲ್ಲಿದ್ದರೆ ಬಂದೂಕು ಮುಟ್ಟುವ ಮೊದಲೇ ವಕೀಲರನ್ನು ಕೇಳಿ. ಅಂಥವರು ಬಂದೂಕು ಇಟ್ಟುಕೊಳ್ಳಲು ಕೇಂದ್ರ ಕಾನೂನಿನ ಪ್ರಕಾರ ನಿಷೇಧವಿದೆ. ಆದರೆ ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ. ಸುಮ್ನೆ ಗೆಳೆಯರ ಮಾತು ನಂಬಿ ಮುಂದುವರಿಯಬೇಡಿ.

ನೀವು ಕೇಳದಿದ್ದರೂ ಒಂದು ವಿಷಯ ಹೇಳಬೇಕು. ನಾನು ಗದಗ ಕಡೆಯವನು. ಚಿಕ್ಕವನಿದ್ದಾಗ ಚಳಿಗಾಲದಲ್ಲಿ ಮಾಗಡಿ ಕೆರೆಗೆ ಹೆಬ್ಬಾತುಗಳನ್ನು ನೋಡಲು ಅಪ್ಪ ಕರೆದುಕೊಂಡು ಹೋಗುತ್ತಿದ್ದರು. ನಮ್ಮ ದೇಶದಲ್ಲಿ 1972ರ ಕಾನೂನಿನಿಂದ ಬೇಟೆ ನಿಂತಿದೆ, ಅದು ಸರಿಯೇ ಎಂದು ಈಗಲೂ ನಂಬುತ್ತೇನೆ. ಇಲ್ಲಿ ಮೊದಲ ಎರಡು ವರ್ಷ ನಾನು ಬರೀ ದುರ್ಬೀನು ಹಿಡಿದು ಬ್ಲೈಂಡ್‌ನಲ್ಲಿ ಕೂತಿದ್ದೆ. ನಮ್ಮ ಕೆರೆಗಳಿಗೆ ಬರುವ ಸೂಜಿಬಾಲದ ಬಾತು ಇಲ್ಲಿಗೂ ಬರುತ್ತದೆ. ಅದನ್ನು ಕಂಡಾಗ ಕೈ ಬರಲೇ ಇಲ್ಲ. ಇಂದಿಗೂ ಅದೊಂದನ್ನು ನಾನು ಹೊಡೆಯುವುದಿಲ್ಲ.

ನನ್ನ ಮನಸ್ಸು ತಿರುಗಿದ್ದು ಜಮೀನಿನ ಲೆಕ್ಕ ಗೊತ್ತಾದ ಮೇಲೆ. ನಮ್ಮ ಈ ಕಣಿವೆಯೂ ಸೇರಿದ ದೊಡ್ಡ ಸೆಂಟ್ರಲ್ ವ್ಯಾಲಿಯ ಜೌಗು ನೆಲದಲ್ಲಿ ಶೇ. 90ಕ್ಕೂ ಹೆಚ್ಚು ಹೊಲ, ತೋಟ, ಊರುಗಳಾಗಿ ಹೋಗಿದೆ. ಉಳಿದದ್ದರಲ್ಲಿ ಸುಮಾರು ಮೂರನೇ ಎರಡು ಭಾಗ ಖಾಸಗಿಯವರ ಕೈಯಲ್ಲಿದೆ, ಅದರಲ್ಲಿ ಬಹುಪಾಲು ಇಂಥ ಕ್ಲಬ್‌ಗಳೇ. ಸ್ಯಾಕ್ರಮೆಂಟೊ ಮತ್ತು ಸ್ಯಾನ್ ಫ್ರಾನ್ಸಿಸ್ಕೊ ನಡುವಿನ ಸುಯಿಸುನ್ ಜೌಗಿನಲ್ಲೇ 150ಕ್ಕೂ ಹೆಚ್ಚು ಕ್ಲಬ್‌ಗಳಿವೆ. 1934ರಿಂದ ಇರುವ ಆ ಡಕ್ ಸ್ಟಾಂಪಿನ ಪ್ರತಿ ಡಾಲರಿನಲ್ಲಿ 98 ಸೆಂಟ್ ಹಕ್ಕಿಗಳ ನೆಲೆ ಉಳಿಸಲು ಹೋಗುತ್ತದೆ. ನಾವು ನೀರಿನ ಬಿಲ್ ಕಟ್ಟುವುದು ನಿಲ್ಲಿಸಿದರೆ ಈ ಕೊಳಗಳೂ ಬಾದಾಮಿ ತೋಟವಾಗುತ್ತವೆ. ಅಲಾಸ್ಕಾದಿಂದ ಹಾರಿ ಬಂದ ಹಕ್ಕಿ ಆಮೇಲೆ ಎಲ್ಲಿ ಇಳಿಯಬೇಕು, ಅಲ್ವಾ?

ಗುಂಡು ಹಾರಿಸದೆಯೂ ಪಾಲು ಇಟ್ಟುಕೊಂಡವರು ನಮ್ಮಲ್ಲಿ ಇಬ್ಬರು ಇದ್ದಾರೆ. ನಿಮಗೆ ಬೇಟೆ ಒಗ್ಗುತ್ತದೋ ಇಲ್ಲವೋ ಎಂದು ಈಗಲೇ ತೀರ್ಮಾನ ಮಾಡಬೇಕಿಲ್ಲ. ಆಗಸ್ಟ್‌ನಲ್ಲಿ ಗೆಳೆಯರ ಕ್ಲಬ್‌ನ ಕೆಲಸದ ದಿನ ಇರುತ್ತದೆ, ಗಂಬೂಟು ಹಾಕಿಕೊಂಡು ಹೋಗಿ. ಕೇರ್‌ಟೇಕರ್ ಜೊತೆ ಏರಿ ಮೇಲೆ ಒಂದು ಸುತ್ತು ನಡೆಯಿರಿ, ತೂಬುಗಳನ್ನು ನೋಡಿ. ಚೆಕ್ ಆಮೇಲೆ ಬರೆದರಾಯಿತು.