ಅಂಗಳದಲ್ಲಿ ಚೆನ್ನಾಗಿ ಓಡುವ ಬೋಟ್ ಎಂಜಿನ್, ನೀರಿಗಿಳಿದು ಗೇರ್ ಹಾಕಿದರೆ ಆಫ್ ಆಗುವುದು ಯಾಕೆ?

ನೀವು ಕೇಳಿರುವುದು ಇಷ್ಟು. ಕರಾವಳಿಯಿಂದ ತಂದ ಹಳೇ 8 ಎಚ್‌ಪಿ ಟು-ಸ್ಟ್ರೋಕ್ ಔಟ್‌ಬೋರ್ಡ್‌ಗೆ ಹೊಸ ಕಾರ್ಬುರೇಟರ್ (ಪೆಟ್ರೋಲ್ ಮತ್ತು ಗಾಳಿ ಬೆರೆಸುವ ಭಾಗ) ಹಾಕಿದ್ದೀರಿ. ಮೈಸೂರಿನ ಮನೆ ಅಂಗಳದಲ್ಲಿ, ಡ್ರಮ್ ನೀರಿನಲ್ಲಿ ಚೆನ್ನಾಗಿ ಓಡುತ್ತದೆ. ಕೆಆರ್‌ಎಸ್ ಹಿನ್ನೀರಿನಲ್ಲಿ ಗೇರ್ ಹಾಕಿದರೆ ಆಫ್. ಎತ್ತರದ ಊರು, ಚಿಕ್ಕ ಮೇನ್ ಜೆಟ್ (ಕಾರ್ಬುರೇಟರ್ ಒಳಗೆ ಪೆಟ್ರೋಲ್ ಹಾಯುವ ಸಣ್ಣ ತೂತಿನ ಭಾಗ) ಹಾಕಿ ಅಂತ ಯಾರೋ ಹೇಳಿದ್ದಾರೆ.

ದಯವಿಟ್ಟು ಹಾಕಬೇಡಿ. ಮೈಸೂರು ಸೀಮೆ ಸಮುದ್ರಮಟ್ಟದಿಂದ 700 ಮೀಟರಿಗೂ ಮೇಲಿದೆ, ಗಾಳಿ ಸುಮಾರು ಶೇ. 7ರಷ್ಟು ತೆಳು, ಅದು ನಿಜ. ಆದರೆ ಅದರಿಂದ ಮಿಶ್ರಣ ರಿಚ್ (ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಜಾಸ್ತಿ) ಆಗುವುದು ಅದರ ಅರ್ಧದಷ್ಟು ಮಾತ್ರ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲ್‌ನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ. ಎಥನಾಲ್ ಒಳಗೇ ಆಮ್ಲಜನಕ ಇರುವುದರಿಂದ ಮಿಶ್ರಣ ಲೀನ್ (ಪೆಟ್ರೋಲ್ ಕಡಿಮೆ) ಆಗುತ್ತದೆ, ಅದೂ ಎತ್ತರದಿಂದ ಆಗುವ ರಿಚ್‌ಗಿಂತ ಜಾಸ್ತಿ. ಇದರ ಮೇಲೆ ಚಿಕ್ಕ ಜೆಟ್ ಹಾಕಿದರೆ ಪಿಸ್ಟನ್ ಹಿಡಿದುಕೊಳ್ಳಬಹುದು. ಇಂಥ ಎಂಜಿನ್‌ಗೆ ಆಯಿಲ್ ಬರುವುದೂ ಪೆಟ್ರೋಲ್ ಜೊತೆಗೇ ಅಲ್ವಾ? ಪೆಟ್ರೋಲ್ ಕಡಿಮೆಯಾದರೆ ಆಯಿಲೂ ಕಡಿಮೆ.

ನಾನು ಕಬಿನಿ ಹಿನ್ನೀರಿನ ಕಡೆ ಬೋಟ್ ಎಂಜಿನ್ ರಿಪೇರಿ ಮಾಡುತ್ತೇನೆ. ಈ ದೂರು ಬಂದಾಗ ನಾನು ಮಿಕ್ಸ್ಚರ್ ಸ್ಕ್ರೂ (ಮಿಶ್ರಣದ ಹದ ಮಾಡುವ ಸ್ಕ್ರೂ) ಮುಟ್ಟುವ ಮೊದಲು ಕಾರ್ಬುರೇಟರ್ ಮತ್ತು ಎಂಜಿನ್ ನಡುವಿನ ಪ್ಯಾಕಿಂಗ್ ನೋಡುತ್ತೇನೆ. ಹಳೇ ಪ್ಯಾಕಿಂಗ್ ಚೂರುಗಳನ್ನು ಪೂರ್ತಿ ಕೆರೆದು ತೆಗೆದಿದ್ದೀರಾ? ಸಿಲಿಕಾನ್ ಹಚ್ಚಿದ್ದರೆ ತೆಗೆಯಿರಿ, ಪೆಟ್ರೋಲ್‌ಗೆ ಅದು ಬಾಳುವುದಿಲ್ಲ. ಎರಡೂ ನಟ್ಟುಗಳನ್ನು ಸ್ವಲ್ಪ ಸ್ವಲ್ಪವಾಗಿ, ಒಂದಾದ ಮೇಲೊಂದು ಬಿಗಿ ಮಾಡಿ. ಒಂದೇ ಕಡೆ ಬಲವಾಗಿ ತಿರುಗಿಸಿದರೆ ಫ್ಲ್ಯಾಂಜ್ (ನಟ್ಟು ಕೂರುವ ಚಪ್ಪಟೆ ಅಂಚು) ಬಾಗಿ ಅಲ್ಲಿಂದಲೇ ಗಾಳಿ ಎಳೆಯುತ್ತದೆ. ಗಾಳಿ ಎಳೆಯುವ ಎಂಜಿನ್‌ಗೆ ಎಷ್ಟು ಟ್ಯೂನ್ ಮಾಡಿದರೂ ಸುಮ್ನೆ.

ಡ್ರಮ್‌ನಲ್ಲಿ ನ್ಯೂಟ್ರಲ್‌ನಲ್ಲಿ ಓಡುವಾಗ ಎಂಜಿನ್ ಮೇಲೆ ಭಾರವೇ ಇರುವುದಿಲ್ಲ. ಗೇರ್ ಹಾಕಿದಾಗ ಪ್ರೊಪೆಲ್ಲರ್ ನೀರನ್ನು ತಳ್ಳಬೇಕು. ಹಾಗಾಗಿ ಟ್ಯೂನಿಂಗ್ ನೀರಿನಲ್ಲೇ, ಗೇರ್‌ನಲ್ಲೇ ಆಗಬೇಕು. ಬೋಟನ್ನು ಗಟ್ಟಿಯಾಗಿ ಕಟ್ಟಿ, ಹಿಂದೆ ಯಾರೂ ನೀರಿನಲ್ಲಿ ಇರದಂತೆ ನೋಡಿಕೊಳ್ಳಿ. ಎಂಜಿನ್ ಚೆನ್ನಾಗಿ ಬಿಸಿಯಾಗಲಿ, ಚೋಕ್ ಪೂರ್ತಿ ಬಿಟ್ಟಿರಲಿ.

ಮ್ಯಾನುಯಲ್ ಇದ್ದರೆ ಅದರ ಅಳತೆಯೇ ಸರಿ. ಇಲ್ಲದಿದ್ದರೆ ಮಿಕ್ಸ್ಚರ್ ಸ್ಕ್ರೂವನ್ನು ಮೆತ್ತಗೆ ಪೂರ್ತಿ ಒಳಗೆ ಕೂರಿಸಿ, ಒಂದೂವರೆ ಸುತ್ತು ಹೊರಗೆ ತನ್ನಿ. ಇಲ್ಲಿ ಒಂದು ಮಾತು ಗಮನವಿಟ್ಟು ಓದಿ. ಈ ಸ್ಕ್ರೂ ಥ್ರಾಟಲ್ (ವೇಗ ಹೆಚ್ಚು ಕಡಿಮೆ ಮಾಡುವ ಕವಾಟ) ದಾಟಿ, ಎಂಜಿನ್ ಕಡೆಗಿದ್ದರೆ ಸಾಮಾನ್ಯವಾಗಿ ಒಳಗೆ ತಿರುಗಿಸಿದಷ್ಟೂ ಲೀನ್. ಗಾಳಿ ಬರುವ ಬಾಯಿ ಕಡೆಗಿದ್ದರೆ ಅದು ಏರ್ ಸ್ಕ್ರೂ, ಆಗ ಉಲ್ಟಾ. ಇದು ಗೊತ್ತಿಲ್ಲದೆ ತಿರುಗಿಸುತ್ತಾ ಹೋದರೆ ಸಂಜೆವರೆಗೂ ಮುಗಿಯುವುದಿಲ್ಲ.

ಒಂದು ಸಲಕ್ಕೆ ಅರ್ಧಪಾವು ಸುತ್ತು (ಸುತ್ತಿನ ಎಂಟನೇ ಒಂದು ಭಾಗ) ಮಾತ್ರ ತಿರುಗಿಸಿ, ಎಂಜಿನ್ ಹೊಂದಿಕೊಳ್ಳುವವರೆಗೆ ಕಾಯಿರಿ. ಲೀನ್ ಕಡೆ ಹೋದಾಗ ತಡವರಿಸುತ್ತದೆ, ರಿಚ್ ಕಡೆ ಹೋದಾಗ ಮಂಕಾಗಿ ಹೊಗೆ ಬಿಡುತ್ತದೆ. ಎರಡರ ನಡುವೆ ನಿಲ್ಲಿಸಿ, ಸ್ವಲ್ಪ ರಿಚ್ ಕಡೆಗೇ ಬಿಡಿ. ಆಮೇಲೆ ಥ್ರಾಟಲ್ ಥಟ್ಟನೆ ತೆರೆಯಿರಿ. ಕಾರ್ಬುರೇಟರ್ ಬಾಯಲ್ಲಿ ಫಟ್ ಅಂದು ಆಫ್ ಆದರೆ ಇನ್ನೂ ಸ್ವಲ್ಪ ರಿಚ್ ಬೇಕು. ಥ್ರಾಟಲ್ ಬಿಟ್ಟಾಗಿನ ವೇಗ ಹೊಂದಿಸುವ ಐಡಲ್ ಸ್ಪೀಡ್ ಸ್ಕ್ರೂ ಕೊನೆಗೆ.

ಫುಲ್ ಸ್ಪೀಡಿನಲ್ಲಿ ಬಲ ಇಳಿದರೆ ಪೆಟ್ರೋಲ್ ಪೈಪಿನ ರಬ್ಬರ್ ಬಲ್ಬ್ ಒತ್ತಿ ನೋಡಿ. ಒತ್ತಿದಾಗ ಮತ್ತೆ ಚೇತರಿಸಿಕೊಂಡರೆ ಕಾರ್ಬುರೇಟರ್ ಬಿಟ್ಟು ಫ್ಯೂಯಲ್ ಪಂಪ್ ಮತ್ತು ಪೈಪ್ ನೋಡಿ. ಹಳೇ ರಬ್ಬರಿಗೆ ಎಥನಾಲ್ ಆಗಿಬರುವುದಿಲ್ಲ.