ಬೂಸಾದಲ್ಲಿ ಕೊಲೆಸ್ಟರಾಲ್ ಔಷಧಿ

ಪ್ರಶ್ನೆ: ಪ್ರಾಜೆಕ್ಟಿಗಾಗಿ ಗೋಧಿ ಬೂಸಾದ ಮೇಲೆ ಆಸ್ಪರ್ಜಿಲಸ್ ಟೆರಿಯಸ್ ಶಿಲೀಂಧ್ರ ಬೆಳೆಸಿ, ಕೊಲೆಸ್ಟರಾಲ್ ಇಳಿಸುವ ಔಷಧಿ ಲೋವಾಸ್ಟಾಟಿನ್ ಪಡೆಯಲು ನೋಡುತ್ತಿದ್ದೇವೆ. ಮೂರನೇ ದಿನಕ್ಕೇ ಬೂಸಾ ಅಂಟಂಟಾಗಿ ಹುಳಿ ವಾಸನೆ ಬರುತ್ತದೆ. ಏಕೆ?
– ಎಂ.ಎಸ್ಸಿ. ವಿದ್ಯಾರ್ಥಿನಿ, ಧಾರವಾಡ

ಉತ್ತರ: ನೀರು ಹೆಚ್ಚಾಗಿದೆ, ಬ್ಯಾಕ್ಟೀರಿಯಾ ಸೇರಿಕೊಂಡಿದೆ. ಬೂಸಾದ ಕಣಗಳ ನಡುವೆ ನೀರು ತುಂಬಿದರೆ ಶಿಲೀಂಧ್ರಕ್ಕೆ ಗಾಳಿ ಸಿಗುವುದಿಲ್ಲ. 10 ಗ್ರಾಂ ಒಣ ಬೂಸಾಕ್ಕೆ ಸುಮಾರು 15 ಮಿ.ಲೀ. ನೀರು ಸಾಕು, ಬಿತ್ತಲು ಹಾಕುವ ಶಿಲೀಂಧ್ರದ ಬೀಜಕಗಳ (ಸ್ಪೋರ್) ದ್ರಾವಣವೂ ಈ ಲೆಕ್ಕದಲ್ಲೇ ಬರಬೇಕು. ಇದನ್ನೇ ಹಲವರು ಮರೆಯುತ್ತಾರೆ. ಒದ್ದೆ ಬೂಸಾವನ್ನು ಮುಷ್ಟಿಯಲ್ಲಿ ಹಿಂಡಿ: ಉಂಡೆ ಕಟ್ಟಬೇಕು, ಬೆರಳ ಸಂದಿಯಿಂದ ನೀರು ಜಿನುಗಬಾರದು, ಮುಟ್ಟಿದರೆ ಉದುರಬೇಕು. ಗಂಟುಗಳನ್ನು ಒಡೆದೇ, ಒತ್ತಡದ ಹಬೆಯಿಂದ ಸೂಕ್ಷ್ಮಜೀವಿಗಳನ್ನು ಕೊಲ್ಲುವ ಆಟೋಕ್ಲೇವ್‌ಗೆ ಇಡಿ (121 ಡಿಗ್ರಿ, 20 ನಿಮಿಷ). ಗಂಟಿನ ಒಳಗೆ ಹಬೆ ಸರಿಯಾಗಿ ತಲುಪದೆ ಬ್ಯಾಸಿಲಸ್ ಬ್ಯಾಕ್ಟೀರಿಯಾದ ಬೀಜಕಗಳು ಉಳಿದುಬಿಡುತ್ತವೆ.

ಆಮೇಲೆ ತಣಿಸಿ, ಬೀಜಕಗಳ ದ್ರಾವಣ ಬೆರೆಸಿ 28–30 ಡಿಗ್ರಿಯಲ್ಲಿ ಏಳೆಂಟು ದಿನ ಬಿಡಿ. ಪದರ ದಪ್ಪವಾದರೆ ನಡುವಿನ ಬೂಸಾ ಶಿಲೀಂಧ್ರ ಬೆಳೆಯುವಾಗ ಹುಟ್ಟುವ ಶಾಖಕ್ಕೇ ಬೇಯುತ್ತದೆ. ಫ್ಲಾಸ್ಕ್‌ನಲ್ಲಿ ಇದು ಗೊತ್ತಾಗದು, ಟ್ರೇಗೆ ಹೋದಾಗ ಕಾಡುತ್ತದೆ. ಕಾರ್ಖಾನೆ ಮಟ್ಟದಲ್ಲೂ ದೊಡ್ಡ ತಲೆನೋವು ಈ ಶಾಖವೇ. ಬೆಂಗಳೂರಿನ ಔಷಧ ಕಂಪನಿ ಬಯೋಕಾನ್, ದ್ರವದ ಬದಲು ಒದ್ದೆ ಘನವಸ್ತುವಿನ ಮೇಲೆ ಬೆಳೆಸುವ ಇಂಥ ಘನ ಹುದುಗುವಿಕೆಗೆಂದೇ ವಿಶೇಷ ರಿಯಾಕ್ಟರ್ ರೂಪಿಸಿತ್ತು.

ಔಷಧಿಯನ್ನು ಬೇರ್ಪಡಿಸಲು ಬೂಸಾ ಒಣಗಿಸಿ, ಪುಡಿಮಾಡಿ, ದ್ರಾವಕವಾದ ಈಥೈಲ್ ಅಸಿಟೇಟ್‌ನಲ್ಲಿ ಕಲಕಿ ಸೋಸಿ. ಪ್ರಮಾಣವನ್ನು, ಮಿಶ್ರಣದ ಘಟಕಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರವಾದ ಎಚ್‌ಪಿಎಲ್‌ಸಿಯಲ್ಲಿ ಬೆಳಕಿನ ತರಂಗಾಂತರ 238 ನ್ಯಾನೋಮೀಟರ್‌ನಲ್ಲಿ ನೋಡಬಹುದು.

ಈ ಸಾರವನ್ನು ಯಾರೂ ನಾಲಿಗೆಗೆ ಸೋಕಿಸಬಾರದು. ಈ ಶಿಲೀಂಧ್ರದ ಕೆಲವು ತಳಿಗಳು ಮೂತ್ರಪಿಂಡಕ್ಕೆ ವಿಷವಾದ ಸಿಟ್ರಿನಿನ್ ಅನ್ನೂ ಸುರಿಸುತ್ತವೆ. ಬೀಜಕಗಳ ಧೂಳು ಶ್ವಾಸಕೋಶಕ್ಕೆ ಅಪಾಯ, ಫ್ಲಾಸ್ಕ್ ತೆರೆಯುವುದು ಗಾಳಿ ಸೋಸುವ ಸುರಕ್ಷಾ ಪೆಟ್ಟಿಗೆಯಾದ ಬಯೋಸೇಫ್ಟಿ ಕ್ಯಾಬಿನೆಟ್‌ನಲ್ಲಿ ಮಾತ್ರ.